ಲಂಡನ್ನಿನಲ್ಲಿ ರಾಜಮಾತೆ ಇದಿಯಾ

ಹೋಲ್ಬರ್ನ್ ಸ್ಟೇಷನ್ನಿನಲ್ಲಿ ಇಳಿದರೆ ಬ್ರಿಟಿಷ್ ಮ್ಯೂಸಿಯಂ ಹತ್ತಿರವೇ. ಪ್ರವೇಶ ಉಚಿತ. ಬಂದವರಲ್ಲಿ ಜಾಸ್ತಿ ಜನ ಈಜಿಪ್ಟಿನ ಮಮ್ಮಿಗಳ ಕಡೆ ನುಗ್ಗುತ್ತಾರೆ. ನಾನು ನೇರವಾಗಿ ನೆಲಮಾಳಿಗೆಗೆ ಇಳಿದೆ. ಆಫ್ರಿಕಾದ ಸಂಗ್ರಹ ಇರುವುದು ಅಲ್ಲಿ, 25ನೇ ಕೋಣೆಯಲ್ಲಿ. ನಾನು ನೋಡಬೇಕಿದ್ದದ್ದು ಒಬ್ಬ ತಾಯಿಯ ಮುಖವನ್ನು, ದಂತದಲ್ಲಿ ಕೆತ್ತಿದ ಮುಖವಾಡವನ್ನು.

ಆಕೆ ಇದಿಯಾ. ಈಗಿನ ನೈಜೀರಿಯಾದ ದಕ್ಷಿಣದಲ್ಲಿದ್ದ ಬೆನಿನ್ ರಾಜ್ಯದ ರಾಜಮಾತೆ. (ಇವತ್ತಿನ ಬೆನಿನ್ ದೇಶವೇ ಬೇರೆ.) 16ನೇ ಶತಮಾನದ ಆರಂಭದಲ್ಲಿ ಆಕೆಯ ಮಗ ಎಸಿಗಿ ಓಬಾ ಆದ, ಅಂದರೆ ರಾಜನಾದ. ಪಟ್ಟಕ್ಕಾಗಿ ಅಣ್ಣತಮ್ಮಂದಿರೇ ಹೊಡೆದಾಡಿದ್ದರು. ಉತ್ತರದಿಂದ ಇಗಾಲಾ ಜನರೂ ದಂಡೆತ್ತಿ ಬಂದರು. ಆಗ ಸೇನೆ ಕಟ್ಟಿ, ಮದ್ದು ಮಂತ್ರ ಮಾಡಿ ಮಗನನ್ನು ಗೆಲ್ಲಿಸಿದವಳು ಇದಿಯಾ ಎನ್ನುತ್ತಾರೆ ಅಲ್ಲಿನ ಎಡೋ ಜನ. ಮಗ ಆಕೆಗಾಗಿಯೇ ‘ಇಯೋಬಾ’, ಅಂದರೆ ರಾಜಮಾತೆ, ಎಂಬ ಪದವಿಯನ್ನು ಹುಟ್ಟುಹಾಕಿದ.

ಮುಖವಾಡ ಎಂದರೆ ಮುಖಕ್ಕೆ ಹಾಕುವಷ್ಟು ದೊಡ್ಡದಲ್ಲ. ಎತ್ತರ ಸುಮಾರು 24 ಸೆಂಟಿಮೀಟರ್. ಆನೆದಂತದ್ದು. ತಾಯಿಯ ನೆನಪಿನ ವಿಧಿಗಳಲ್ಲಿ ಓಬಾ ಇದನ್ನು ಮೈಮೇಲೆ ತೂಗುಹಾಕಿಕೊಳ್ಳುತ್ತಿದ್ದ. ಹಣೆಯ ಮೇಲೆ ಎರಡು ಉದ್ದ ಗೆರೆ, ಅದರಲ್ಲಿ ಕಬ್ಬಿಣ ಕೂರಿಸಿದ್ದಾರೆ. ಕಣ್ಣುಗುಡ್ಡೆಗೂ ಕಬ್ಬಿಣವೇ. ರೆಪ್ಪೆ ಸ್ವಲ್ಪ ಇಳಿದಿದೆ, ತುಟಿ ಬಿಗಿದಿದೆ. ಯಾರಿಗೂ ಜಗ್ಗದ ಹೆಂಗಸು ಅಂತ ನೋಡಿದ ಕೂಡಲೇ ಅನ್ನಿಸಿತು. ತಲೆಯ ಮೇಲಿನ ಸಾಲಿನಲ್ಲಿ ಗಡ್ಡ ಬಿಟ್ಟ ಪುಟ್ಟ ಪುಟ್ಟ ತಲೆಗಳು. ಅವರು ಪೋರ್ಚುಗೀಸರು, ಸಮುದ್ರ ದಾಟಿ ವ್ಯಾಪಾರಕ್ಕೆ ಬಂದವರು. ಬೆನಿನ್‌ನಲ್ಲಿ ಸಮುದ್ರದ ದೇವರು ಒಲೊಕುನ್ ಸಿರಿ ಕೊಡುವವನು. ಬಿಳಿ ಅವನ ಬಣ್ಣ, ದಂತವೂ ಬಿಳಿ. ಹೀಗಾಗಿ ಪರದೇಶದ ವ್ಯಾಪಾರಿಗಳೂ ರಾಜಮಾತೆಯ ಕಿರೀಟಕ್ಕೆ ಅಲಂಕಾರವಾದರು. ಎಷ್ಟು ಆತ್ಮವಿಶ್ವಾಸದ ರಾಜ್ಯ ಅಲ್ವಾ!

1897ರಲ್ಲಿ ಬ್ರಿಟಿಷ್ ಸೇನೆ ಬೆನಿನ್ ನಗರಕ್ಕೆ ನುಗ್ಗಿತು. ಅರಮನೆ ಲೂಟಿಯಾಯಿತು. ಓಬಾ ಓವೊನ್ರಾಮ್ವೆನ್‌ನನ್ನು ಕಲಬಾರ್‌ಗೆ ಗಡೀಪಾರು ಮಾಡಿದರು. ಸಾವಿರಾರು ಕಂಚು, ದಂತದ ಕೃತಿಗಳು ಹಡಗು ಹತ್ತಿದವು. ಈ ಮುಖವೂ ಹಾಗೇ ಬಂದು, 1910ರಲ್ಲಿ ಮ್ಯೂಸಿಯಂ ಸೇರಿತು. ಇದರ ಜೋಡಿಯಂತಿರುವ ಇನ್ನೊಂದು ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂನಲ್ಲಿದೆ. ಶ್ರೀರಂಗಪಟ್ಟಣದಿಂದ 1799ರಲ್ಲಿ ಹೊತ್ತು ತಂದ ಟಿಪ್ಪುವಿನ ಹುಲಿಯೂ ಇದೇ ಲಂಡನ್ನಿನ ಮತ್ತೊಂದು ಮ್ಯೂಸಿಯಂನಲ್ಲಿ ಇದೆಯಲ್ಲ. ಹಾಗಾಗಿ ನಮಗೆ ಈ ನೋವನ್ನು ಯಾರೂ ವಿವರಿಸಿ ಹೇಳಬೇಕಿಲ್ಲ.

1977ರಲ್ಲಿ ಲಾಗೋಸ್‌ನಲ್ಲಿ ಫೆಸ್ಟಾಕ್ ಎಂಬ ದೊಡ್ಡ ಕಲಾ ಉತ್ಸವ ನಡೆಯಿತು. ಅದರ ಲಾಂಛನ ಇದಿಯಾಳ ಈ ಮುಖವೇ. ಉತ್ಸವದ ಮಟ್ಟಿಗೆ ಎರವಲು ಕೊಡಿ ಎಂದು ನೈಜೀರಿಯಾ ಕೇಳಿತು. ಬ್ರಿಟನ್ ಕೊಡಲಿಲ್ಲ. ಬೆನಿನ್ ನಗರದ ಶಿಲ್ಪಿಗಳೇ ಪ್ರತಿಕೃತಿ ಕೆತ್ತಿಕೊಟ್ಟರು. ತನ್ನ ತಾಯಿಯನ್ನೇ ಎರವಲು ಕೇಳಿ ಇಲ್ಲ ಅನ್ನಿಸಿಕೊಳ್ಳುವುದು! ಗಾಜಿನ ಮುಂದೆ ನಿಂತಾಗ ನನಗೆ ಸಿಟ್ಟು ಬಂದದ್ದು ಅದಕ್ಕೇ.

ಮರುದಿನ ಫಾರೆಸ್ಟ್ ಹಿಲ್‌ಗೆ ರೈಲು ಹತ್ತಿ ಹಾರ್ನಿಮನ್ ಮ್ಯೂಸಿಯಂಗೆ ಹೋದೆ. ಚಿಕ್ಕದು, ಮಕ್ಕಳ ಗದ್ದಲ ಜೋರು. ಈ ಮ್ಯೂಸಿಯಂ 2022ರಲ್ಲಿ ತನ್ನಲ್ಲಿದ್ದ ಬೆನಿನ್‌ನ 72 ವಸ್ತುಗಳ ಒಡೆತನವನ್ನು ನೈಜೀರಿಯಾಕ್ಕೆ ಬಿಟ್ಟುಕೊಟ್ಟಿತು. ಬ್ರಿಟಿಷ್ ಮ್ಯೂಸಿಯಂ ಮಾತ್ರ 1963ರ ಕಾಯಿದೆ ತೋರಿಸುತ್ತದೆ. ಸಂಗ್ರಹದಿಂದ ವಸ್ತು ಬಿಟ್ಟುಕೊಡಲು ಆ ಕಾಯಿದೆ ಹೆಚ್ಚುಕಡಿಮೆ ಬಿಡುವುದಿಲ್ಲ. ಆದರೆ ಕಾಯಿದೆ ಮಾಡಿದ್ದು ಪಾರ್ಲಿಮೆಂಟ್. ಬದಲಿಸಲು ಅದಕ್ಕೆ ಅಡ್ಡಿ ಏನಿದೆ?