ಬಡಿಸುವ ಹುಡುಗರ ಆರು ಗಂಟೆ

ಕಾಸರಗೋಡು ಜಿಲ್ಲೆಯ ಉಪ್ಪಳ, ಕುಂಬಳೆ ಕಡೆಯ ಹೋಟೆಲು, ಬೇಕರಿ, ಕೇಟರಿಂಗ್‌ನವರ ಲೆಕ್ಕಪತ್ರ ಮತ್ತು ಕಾರ್ಮಿಕರ ದಾಖಲೆ ಬರೆಯುವುದು ನನ್ನ ಕೆಲಸ. ಬಾಲಕಾರ್ಮಿಕ ಕಾನೂನಿನ ಮಾತೆತ್ತಿದರೆ ಧಣಿಗಳೆಲ್ಲರದೂ ಒಂದೇ ಉತ್ತರ: “ಹದಿನಾಲ್ಕರ ಒಳಗಿನವರು ನಮ್ಮಲ್ಲಿ ಯಾರೂ ಇಲ್ಲ.” ಅದು ನಿಜವೇ. ತೊಡಕಿರುವುದು ಅದರ ನಂತರದ ನಾಲ್ಕು ವರ್ಷಗಳಲ್ಲಿ.

1986ರ ಕಾಯ್ದೆಗೆ 2016ರಲ್ಲಿ ತಿದ್ದುಪಡಿಯಾದ ಮೇಲೆ 14ರಿಂದ 18ರೊಳಗಿನವರು ಕಿಶೋರ ಕಾರ್ಮಿಕರು. ಕಲ್ಲಿನ ಕೋರೆ, ಪಟಾಕಿ ತಯಾರಿಯಂಥ ಅಪಾಯದ ಕೆಲಸಕ್ಕೆ ಇವರನ್ನು ಸೇರಿಸಿಕೊಂಡರೆ 6 ತಿಂಗಳಿಂದ 2 ವರ್ಷ ಸೆರೆ, ಇಲ್ಲವೇ 20,000ದಿಂದ 50,000 ರೂಪಾಯಿ ದಂಡ, ಅಥವಾ ಎರಡೂ. ಉಳಿದ ಕೆಲಸಗಳಿಗೆ ಬರಬಹುದು, ಆದರೆ ಗಡಿಯಾರ ನೋಡಿಕೊಂಡು. 3 ಗಂಟೆ ದುಡಿದರೆ 1 ಗಂಟೆ ಬಿಡುವು ಕೊಡಬೇಕು. ಬಿಡುವೂ ಸೇರಿ ದಿನಕ್ಕೆ 6 ಗಂಟೆ ಮೀರಬಾರದು. ಸಂಜೆ 7ರಿಂದ ಬೆಳಿಗ್ಗೆ 8ರವರೆಗೆ ಕೆಲಸವಿಲ್ಲ, ಓವರ್‌ಟೈಮ್ ಇಲ್ಲ, ವಾರಕ್ಕೊಂದು ರಜೆ.

ಈಗ ನಮ್ಮ ಕಡೆಯ ಮದುವೆಗೆ ಬನ್ನಿ. ಬಡಿಸುವವರಲ್ಲಿ ಎಷ್ಟೋ ಮಂದಿ ಹದಿನೆಂಟು ತುಂಬದ ಪ್ಲಸ್ ಟು (ಪಿಯುಸಿ ಮಟ್ಟದ) ಹುಡುಗರು. ಬೆಳಿಗ್ಗೆ 9ಕ್ಕೇ ಸಭಾಭವನಕ್ಕೆ ಬಂದು, ಮೊದಲ ಪಂಕ್ತಿ ಕೂರುವವರೆಗೆ ಅಡುಗೆಮನೆಯ ಹಿಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ಮೊಬೈಲ್ ನೋಡುತ್ತಾ ಕೂತಿರುತ್ತಾರೆ. ಆ ಹೊತ್ತನ್ನು ಧಣಿಯಾಗಲಿ ಹುಡುಗನಾಗಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕಾಯ್ದೆ ಹಿಡಿಯುತ್ತದೆ: ಕೆಲಸಕ್ಕಾಗಿ ಕಾಯುವ ಸಮಯವೂ ಆ 6 ಗಂಟೆಯೊಳಗೇ ಸೇರಿದ್ದು. 9ಕ್ಕೆ ಬಂದವನು 3ಕ್ಕೆ ಹೊರಡಬೇಕು. ಅವನನ್ನೇ ಪಾತ್ರೆ ತೊಳೆಯಲು, ವ್ಯಾನಿಗೆ ಹೇರಲು ನಿಲ್ಲಿಸಿಕೊಂಡು, ರಾತ್ರಿ ಬೇರೆಯವರ ಔತಣಕ್ಕೂ ಕಳಿಸುವುದು ಎರಡು ಪಟ್ಟು ತಪ್ಪು. ಒಂದೇ ದಿನ ಎರಡು ಸಂಸ್ಥೆಗಳಲ್ಲಿ ಅವನನ್ನು ದುಡಿಸುವುದಕ್ಕೂ ನಿಷೇಧವಿದೆ. ಇಂಥ ಉಲ್ಲಂಘನೆಗೆ ಒಂದು ತಿಂಗಳವರೆಗೆ ಸೆರೆ ಅಥವಾ 10,000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು.

“ಹಾಗಾದರೆ ರಾತ್ರಿ ಬಡಿಸುವವರು ಯಾರು?” ಎಂದು ಒಬ್ಬ ಧಣಿ ಕೇಳಿದರು. ಹದಿನೆಂಟು ತುಂಬಿದವರೇ ಬಡಿಸಬೇಕು ಎಂದೆ. ಹುಡುಗರನ್ನು 11ಕ್ಕೆ ಬರಹೇಳಿ, 5ಕ್ಕೆ ಕಳಿಸಿಬಿಡಿ ಎಂದಾಗ ಅವರಿಗೆ ದಾರಿ ಕಂಡಿತು. ಎಸ್ಸೆಸ್ಸೆಲ್ಸಿ ಪ್ರಮಾಣಪತ್ರ ನೋಡಿ ಹುಟ್ಟಿದ ದಿನಾಂಕ ಬರೆದುಕೊಂಡೆವು. ಕೆಲಸದ ಬಗೆ, ವೇಳೆ, ಬಿಡುವು ಎಲ್ಲವೂ ರಿಜಿಸ್ಟರಿನಲ್ಲಿರಬೇಕು.

ಈ ನಿಯಮಗಳನ್ನು ನಾನು ಧಣಿಗೂ ಹುಡುಗರಿಗೂ ಬೇರೆಬೇರೆಯಾಗಿ ಹೇಳುವುದಿಲ್ಲ. ಒಟ್ಟಿಗೆ ಕೂರಿಸಿಯೇ ಹೇಳುತ್ತೇನೆ. ಹುಡುಗನೊಬ್ಬನಿಗೇ ಹೇಳಿದರೆ, ಅವನು ಬಾಯಿಬಿಟ್ಟ ದಿನ ಅದು ಧಣಿಯ ಮೇಲಿನ ದೂರು ಎನಿಸಿಕೊಳ್ಳುತ್ತದೆ. ಮರುದಿನದಿಂದ ಅವನನ್ನು ಕರೆಯುವುದಿಲ್ಲ. ಇಬ್ಬರೂ ಕೇಳಿಸಿಕೊಂಡಿದ್ದರೆ “ಅಣ್ಣ, ಐದು ಗಂಟೆಯಾಯಿತು” ಎನ್ನಲು ಅವನಿಗೆ ಅಂಜಿಕೆಯಿರುವುದಿಲ್ಲ. ಆಗಲೂ ಬಿಡದವರಿದ್ದರೆ ಮಕ್ಕಳ ಸಹಾಯವಾಣಿ 1098 ಇದೆ. ಆ ಸಂಖ್ಯೆಯನ್ನು ಧಣಿಯ ಎದುರಿನಲ್ಲೇ ಹುಡುಗರ ಮೊಬೈಲಿಗೆ ಹಾಕಿಸುತ್ತೇನೆ.