ಕಾಲು ಬಿಟ್ಟು ಮುಖ ಹಿಡಿದ ಕಾಮಿಡಿ

ಸೋಮವಾರಪೇಟೆ ಹತ್ತಿರದ ಎಸ್ಟೇಟಿನಲ್ಲಿ ನಡೆದ ಆ ಶೂಟಿಂಗ್ ನೆನಪಾದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ. ನಾನು ಅದರಲ್ಲಿ ಅಸೋಸಿಯೇಟ್ ಡೈರೆಕ್ಟರ್.

ಸೀನ್ ಸಣ್ಣದು. ಬೆಂಗಳೂರಿನಿಂದ ಬಂದ ಹೊಸ ಸಾವ್ಕಾರ. ಕಾಫಿ ಬಗ್ಗೆ ಏನೂ ಗೊತ್ತಿಲ್ಲ, ಅದು ಆಳುಗಳಿಗೆ ತಿಳಿಯಬಾರದು. ಒಣಗಿಸುವ ಕಣದಲ್ಲಿ ಕಾಫಿ ಹಣ್ಣು ಹರಡಿದೆ, ಮಳೆ ಹನಿಯುತ್ತದೆ, ಎಲ್ಲರೂ ಟಾರ್ಪಾಲ್ ಎಳೆಯಲು ಓಡುತ್ತಾರೆ.

ಸಾವ್ಕಾರನ ಪಾತ್ರದ ನಮ್ಮ ನಟರು ಆ ಎಸ್ಟೇಟಿನ ರೈಟರ್, ಅಂದರೆ ಲೆಕ್ಕ ಬರೆಯುವವರು, ಕಣ ದಾಟುವುದನ್ನು ಬೆಳಿಗ್ಗೆಯಿಂದ ಗಮನಿಸಿದ್ದರು. ರೈಟರ್ ಪಾದ ಎತ್ತುವುದಿಲ್ಲ, ಉಜ್ಜಿಕೊಂಡೇ ಹೋಗುತ್ತಾರೆ. ಹಣ್ಣು ಪಕ್ಕಕ್ಕೆ ಸರಿಯುತ್ತದೆ, ಜಜ್ಜುವುದಿಲ್ಲ. ರಿಹರ್ಸಲ್‌ನಲ್ಲಿ ಸಾವ್ಕಾರ ಅದನ್ನೇ ಮಾಡಲು ಹೊರಟ. ಮೇಲೆ ಎದೆ ಸೆಟೆದಿದೆ, ಕೈ ಬೆನ್ನ ಹಿಂದೆ. ಕೆಳಗೆ ಕಾಲು ಮಾತ್ರ ಹೆದರಿ ಹೆದರಿ ಜಾಗ ಹುಡುಕುತ್ತಿದೆ. ನೋಡುತ್ತಿದ್ದ ಕೆಲಸದ ಹೆಂಗಸರು ಜೋರಾಗಿ ನಕ್ಕುಬಿಟ್ಟರು. ಜಂಬ, ಭಯ ಎರಡೂ ಒಂದೇ ಮೈಯಲ್ಲಿ, ಒಂದು ಮಾತೂ ಇಲ್ಲದೆ!

ಟೇಕ್ ಹೊತ್ತಿಗೆ ಬಿಸಿಲು ಸಿಲ್ವರ್ ಮರಗಳ ಹಿಂದೆ ಹೋಗಿತ್ತು. ಟ್ಯಾಂಕರ್‌ನಲ್ಲಿ ಒಂದೇ ಮಳೆಗಾಗುವಷ್ಟು ನೀರು. ಮ್ಯಾನೇಜರ್ ಪ್ಯಾಕಪ್ ಅಂತ ಗಡಿಯಾರ ತೋರಿಸುತ್ತಿದ್ದಾರೆ.

"ಸರ್, ಪೂರ್ತಿ ಮೈ ಕಾಣೋ ಹಾಗೆ ವೈಡ್ ಒಂದು ತೆಗೆದುಬಿಡೋಣ" ಅಂದೆ.

"ಟೈಟ್ ಸಾಕು. ಫೋನಲ್ಲಿ ನೋಡೋರಿಗೆ ಕಾಲು ಯಾಕೆ ಬೇಕು?" ಅಂದರು ಡೈರೆಕ್ಟರ್.

ಮಳೆ ಬಿಟ್ಟರು. ಮಾನಿಟರ್‌ನಲ್ಲಿ ಎದೆಯಿಂದ ಮೇಲೆ ಮಾತ್ರ. ನಾನು ಕ್ಯಾಮೆರಾ ಪಕ್ಕ ನಿಂತು ಕಾಲು ನೋಡುತ್ತಿದ್ದೆ. ರಿಹರ್ಸಲ್‌ಗಿಂತ ಚೆನ್ನಾಗಿತ್ತು. ಒಂದು ಕಾಲು ಟಾರ್ಪಾಲ್ ಕಡೆ, ಇನ್ನೊಂದು ಮನೆ ಕಡೆ ಎಳೆಯುತ್ತಿತ್ತು. ಅದು ಎಲ್ಲೂ ರೆಕಾರ್ಡ್ ಆಗಲಿಲ್ಲ. ಎಡಿಟ್‌ನಲ್ಲಿ ಸುಮ್ನೆ ಒಬ್ಬ ಮುಖ ಕಿವುಚುತ್ತಿದ್ದಾನೆ ಅಷ್ಟೇ. ನಗು ಬರಲಿ ಅಂತ 'ಟೊಯ್ಂಯ್' ಸೌಂಡ್ ಹಾಕಿದರು. ಬರಲಿಲ್ಲ.

1936ರ 'ಮಾಡರ್ನ್ ಟೈಮ್ಸ್'ನಲ್ಲಿ ಚಾಪ್ಲಿನ್ ಫ್ಯಾಕ್ಟರಿಯ ಕನ್ವೇಯರ್ ಬೆಲ್ಟ್ ಬಿಟ್ಟು ಈಚೆ ಬಂದರೂ ಕೈ ನಟ್ ಬಿಗಿಯುತ್ತಲೇ ಇರುತ್ತದೆ. ಯಂತ್ರ ಆ ಮನುಷ್ಯನನ್ನು ಏನು ಮಾಡಿತು ಅಂತ ಯಾರೂ ವಿವರಿಸಬೇಕಿಲ್ಲ. 1953ರಲ್ಲಿ ತೆರೆಗೆ ಬಂದ, ಫ್ರೆಂಚ್ ನಟ-ನಿರ್ದೇಶಕ ಜಾಕ್ ತಾತಿಯ ಪಾತ್ರ ಹ್ಯೂಲೋ ಮುಂದಕ್ಕೆ ವಾಲಿಕೊಂಡು ನಡೆಯುವುದರಲ್ಲೇ ಅವನ ಸಂಕೋಚ, ಉತ್ಸಾಹ ಎರಡೂ ಇವೆ. ತಾತಿ ಕ್ಲೋಸಪ್ ಹತ್ತಿರ ಹೋಗುವುದೇ ಕಡಿಮೆ. ದೂರದಲ್ಲಿ ನಿಂತು ಪೂರ್ತಿ ಮೈ ತೋರಿಸುತ್ತಾನೆ.

ಈಗ ನಾನು ಶಾಟ್‌ಗಳ ಪಟ್ಟಿಯಾದ ಶಾಟ್ ಡಿವಿಷನ್‌ನಲ್ಲೇ, ಪೂರ್ತಿ ಮೈ ಕಾಣುವ ಫುಲ್ ಫಿಗರ್ ಮೊದಲು ಅಂತ ಬರೆದು ಸಹಿ ಹಾಕಿಸಿಕೊಳ್ಳುತ್ತೇನೆ. ಕ್ಲೋಸಪ್‌ಗೆ ಕತ್ತಲಾದ ಮೇಲೂ ಒಂದು ಎಲ್‌ಇಡಿ ಪ್ಯಾನೆಲ್ ಸಾಕು. ಇಡೀ ಕಣಕ್ಕೆ ಬೆಳಕು ಕೊಡುವಷ್ಟು ಲೈಟನ್ನು ಯಾವ ಪ್ರೊಡಕ್ಷನ್ನೂ ಘಟ್ಟ ಹತ್ತಿಸುವುದಿಲ್ಲ.