ಕೆರೆಯಲ್ಲಿ ಮೀನು ಸತ್ತ ದಿನ ಬಳಗದ ಹೇಳಿಕೆ

ಬೇಸಿಗೆ ಮುಗಿಯುತ್ತಾ ಮೊದಲ ಜೋರು ಮಳೆ ಬಿದ್ದ ಮಾರನೆಯ ಬೆಳಗ್ಗೆ ಬೆಂಗಳೂರಿನ ಯಾವುದಾದರೂ ಕೆರೆಯಲ್ಲಿ ಮೀನುಗಳು ಸತ್ತು ತೇಲುವುದು ಈಗ ಹೊಸ ಸುದ್ದಿಯಲ್ಲ. ವಾಕಿಂಗ್ ಬಂದವರ ಮೊಬೈಲಿನಿಂದ ವಿಡಿಯೊ ಹೊರಡುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಕೆರೆಯನ್ನು ನೋಡಿಕೊಳ್ಳುವ ಸ್ಥಳೀಯರ ಬಳಗಕ್ಕೆ ಚಾನೆಲ್‌ನಿಂದ ಫೋನು: ‘ಯಾವ ಫ್ಯಾಕ್ಟರಿಯವರು ಬಿಟ್ಟಿದ್ದು ಸಾರ್? ಒಂದು ಬೈಟ್ ಕೊಡಿ.’ ವರ್ಷಗಟ್ಟಲೆ ಜೊಂಡು ಕಿತ್ತು, ಗಿಡ ನೆಟ್ಟು ಗಳಿಸಿದ ಹೆಸರಿಗೆ ಕುತ್ತು ಬರುವುದು ಆ ಫೋನಿಗೆ ಕೊಡುವ ಉತ್ತರದಿಂದ.

ಯಾರು ಮಾತಾಡಬೇಕು ಎಂಬುದನ್ನು ಆ ಬೆಳಗ್ಗೆ ಗುಂಪಿನಲ್ಲಿ ಚರ್ಚೆ ಮಾಡುತ್ತ ಕೂರುವಂತಿಲ್ಲ. ಕಾರ್ಯಕಾರಿ ಸಮಿತಿ ಮೊದಲೇ ಇಬ್ಬರನ್ನು ಗೊತ್ತುಮಾಡಿ ನಡಾವಳಿ ಪುಸ್ತಕದಲ್ಲಿ ಬರೆದಿಡಬೇಕು. ಒಬ್ಬರು ಊರಲ್ಲಿಲ್ಲದಿದ್ದರೆ ಇನ್ನೊಬ್ಬರು. ಆರಿಸುವಾಗ ಚೆನ್ನಾಗಿ ಭಾಷಣ ಮಾಡುವವರನ್ನು ಹುಡುಕುವುದು ರೂಢಿ. ನನ್ನ ಮಟ್ಟಿಗೆ ಅದು ತಪ್ಪು. ಕ್ಯಾಮೆರಾ ಮುಂದೆ ‘ಅದು ನಮಗಿನ್ನೂ ಗೊತ್ತಿಲ್ಲ’ ಎಂದು ಹೇಳಿ ಸುಮ್ಮನಾಗಬಲ್ಲವರು ಬೇಕು. ಉಳಿದ ಸದಸ್ಯರಿಗೆ ಒಂದೇ ಸೂಚನೆ: ‘ಇವರ ಜೊತೆ ಮಾತಾಡಿ’ ಎಂದು ನಂಬರ್ ಕೊಡುವುದು.

ಮೊದಲ ಹೇಳಿಕೆ ನಾಲ್ಕು ಸಾಲು ಮೀರಬಾರದು. ಹೀಗಿದ್ದರೆ ಸಾಕು:

‘ಇಂದು ಬೆಳಗ್ಗೆ 6.40ಕ್ಕೆ ಕೆರೆಯ ಉತ್ತರದ ಒಳಹರಿವಿನ ಹತ್ತಿರ ಸತ್ತ ಮೀನುಗಳು ಕಂಡುಬಂದಿವೆ. ಕಾರಣ ಇನ್ನೂ ತಿಳಿದಿಲ್ಲ. ಮಾಲಿನ್ಯ ನಿಯಂತ್ರಣ ಮಂಡಳಿ, ಮೀನುಗಾರಿಕೆ ಇಲಾಖೆ ಮತ್ತು ಪಾಲಿಕೆಯ ಕೆರೆ ವಿಭಾಗಕ್ಕೆ 7.15ಕ್ಕೆ ತಿಳಿಸಿ, ಕೂಡಲೇ ನೀರಿನ ಮಾದರಿ ತೆಗೆಯುವಂತೆ ಕೇಳಿದ್ದೇವೆ. ಮುಂದಿನ ಮಾಹಿತಿಯನ್ನು ಸಂಜೆ 4ಕ್ಕೆ ಕೊಡುತ್ತೇವೆ.’

ಕಂಡದ್ದು, ಮಾಡಿದ್ದು, ಕೇಳಿದ್ದು ಮೂರೂ ಇದರಲ್ಲಿವೆ. ಊಹೆ ಇಲ್ಲ. ಸಂಜೆ ನಾಲ್ಕಕ್ಕೆ ಹೇಳಲು ಹೊಸದೇನೂ ಇಲ್ಲದಿದ್ದರೆ ಅದನ್ನೇ ಹೇಳಬೇಕು, ಮಾತು ತಪ್ಪಬಾರದು.

‘ಕೆಮಿಕಲ್ ಬಿಟ್ಟಿದ್ದಾರೆ’ ಎಂದು ಆಗಲೇ ಹೇಳಿಬಿಡುವ ಚಪಲವೇ ದೊಡ್ಡ ಅಪಾಯ. ಮೊದಲ ಮಳೆಗೆ ರಾಜಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತಿದ್ದ ಕೊಳಚೆ, ಹೂಳು ಎಲ್ಲ ಒಮ್ಮೆಲೇ ಕೆರೆಗೆ ನುಗ್ಗುತ್ತದೆ. ಅದನ್ನು ಕೊಳೆಯಿಸುವ ಬ್ಯಾಕ್ಟೀರಿಯಾಗಳೇ ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಬಳಸಿಬಿಡುತ್ತವೆ. ರಾತ್ರಿ ಪಾಚಿಯೂ ಉಸಿರಾಡುವುದರಿಂದ ನಸುಕಿನ ಹೊತ್ತಿಗೆ ಮಟ್ಟ ತೀರಾ ಕುಸಿದು ಮೀನುಗಳು ಉಸಿರುಗಟ್ಟಿ ಸಾಯುತ್ತವೆ. ಕಾರ್ಖಾನೆಯ ಕೈವಾಡ ಇರಲೂಬಹುದು, ಆದರೆ ದಡದಲ್ಲಿ ನಿಂತು ಅದನ್ನು ಹೇಳಲಾಗದು.

ಸಂಖ್ಯೆ ಕೊಡುವುದಾದರೆ ಹೊತ್ತು, ಜಾಗ, ಉಪಕರಣ ಮೂರನ್ನೂ ಜೊತೆಗೇ ಹೇಳಬೇಕು. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ವರ್ಗೀಕರಣದಂತೆ ಮೀನುಗಾರಿಕೆಗೆ ಯೋಗ್ಯವಾದ ‘ಡಿ’ ವರ್ಗದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಕರಗಿದ ಆಮ್ಲಜನಕ ಇರಬೇಕು. ಪಾಚಿಗಟ್ಟಿದ ಕೆರೆಯಲ್ಲಿ ಬೆಳಗ್ಗೆ ಆರಕ್ಕೆ ಒಂದಕ್ಕಿಂತ ಕಡಿಮೆ ತೋರಿಸಿದ ಮೀಟರು ಮಧ್ಯಾಹ್ನ ಬಿಸಿಲಿಗೆ ನಾಲ್ಕನ್ನು ದಾಟಬಹುದು. ಹೊತ್ತು ಹೇಳದಿದ್ದರೆ ಅಧಿಕಾರಿಗಳು ಮಧ್ಯಾಹ್ನದ ಅಂಕಿ ಹಿಡಿದು ‘ಬಳಗದವರು ಸುಳ್ಳು ಹೇಳುತ್ತಿದ್ದಾರೆ’ ಎನ್ನುತ್ತಾರೆ, ಇಬ್ಬರ ಅಂಕಿಯೂ ಸರಿಯಿದ್ದರೂ. ಖಾಲಿ ನೀರಿನ ಬಾಟಲಿಯಲ್ಲಿ ತುಂಬಿ ಬೈಕಿನಲ್ಲಿ ಕುಲುಕಿಸಿಕೊಂಡು ಲ್ಯಾಬಿಗೆ ಒಯ್ದ ನೀರಿನಿಂದ ಆಮ್ಲಜನಕದ ಲೆಕ್ಕ ಸಿಗದು. 300 ಮಿಲಿಲೀಟರಿನ ಗಾಜಿನ ಬಾಟಲಿಗೆ ಗುಳ್ಳೆ ಉಳಿಯದಂತೆ ತುಂಬಿ, ರಾಸಾಯನಿಕ ಹಾಕಿ ಸ್ಥಳದಲ್ಲೇ ಸ್ಥಿರಗೊಳಿಸಬೇಕು, ಇಲ್ಲವೇ ಮೀಟರನ್ನು ಕೆರೆಯಲ್ಲೇ ಇಳಿಸಿ ಓದಬೇಕು. ‘ನಾಳೆ ಲ್ಯಾಬ್ ವರದಿ ಬರುತ್ತದೆ’ ಎಂದೂ ಹೇಳಬೇಡಿ. ಕೊಳಚೆ ಕೊಳೆಯಲು ಎಷ್ಟು ಆಮ್ಲಜನಕ ಬೇಕೆಂದು ಅಳೆಯುವ ಬಿಒಡಿ ಪರೀಕ್ಷೆಯೊಂದಕ್ಕೇ 27 ಡಿಗ್ರಿಯಲ್ಲಿ ಮೂರು ದಿನ ಹಿಡಿಯುತ್ತದೆ.

ಹೆಸರು ಹೇಳಿ ಆರೋಪಿಸಿದರೆ ಮಾನನಷ್ಟದ ನೋಟಿಸ್ ಬರಬಹುದು. ಭಾರತೀಯ ನ್ಯಾಯ ಸಂಹಿತೆಯ 356ನೇ ಕಲಮು ಕಂಪನಿಗಳಿಗೂ ಅನ್ವಯಿಸುತ್ತದೆ, ಶಿಕ್ಷೆ ಎರಡು ವರ್ಷದವರೆಗೂ ಇದೆ. ‘ಇಂಥ ಕಡೆಯಿಂದ ನೊರೆನೀರು ಬರುತ್ತಿರುವುದನ್ನು ಕಂಡಿದ್ದೇವೆ, ಮಂಡಳಿ ಪರಿಶೀಲಿಸಲಿ’ ಎನ್ನುವುದಕ್ಕೂ ‘ಇವರೇ ವಿಷ ಹಾಕಿದರು’ ಎನ್ನುವುದಕ್ಕೂ ಅಜಗಜಾಂತರ. ವಿಷಯ ಹಸಿರು ನ್ಯಾಯಮಂಡಳಿಯಲ್ಲೋ ಹೈಕೋರ್ಟಿನಲ್ಲೋ ಇದ್ದರೆ ವಕೀಲರು ಓದದೆ ಒಂದು ಸಾಲೂ ಹೊರಗೆ ಹೋಗಬಾರದು.

ಮರೆತುಹೋಗುವ ಇನ್ನೊಬ್ಬರಿದ್ದಾರೆ. ಕೆಲವು ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಇಲಾಖೆಯಿಂದ ಟೆಂಡರಿನಲ್ಲಿ ಪಡೆದವರು. ಮೀನು ಸತ್ತರೆ ಮೊದಲು ಮುಳುಗುವುದು ಅವರ ದುಡ್ಡು. ‘ಈ ಕೆರೆಯ ಮೀನು ತಿನ್ನಬೇಡಿ’ ಎಂದು ಬಳಗ ತನ್ನಷ್ಟಕ್ಕೆ ಘೋಷಿಸಿದರೆ ಮುಂದಿನ ಮಳೆಗಾಲದವರೆಗೂ ಅವರ ಮೀನು ಕೊಳ್ಳುವವರಿಲ್ಲ. ಸತ್ತ ಮೀನು ಮಾರಾಟವಾಗದಂತೆ ನೋಡಿಕೊಳ್ಳಿ ಎಂದು ಇಲಾಖೆಯನ್ನು ಕೇಳಿ, ಆರೋಗ್ಯದ ಎಚ್ಚರಿಕೆಯನ್ನು ಇಲಾಖೆಯಿಂದಲೇ ಕೊಡಿಸಿ.

ವಾಟ್ಸಾಪ್ ಗುಂಪಿನಲ್ಲಿ ಸದಸ್ಯರೊಬ್ಬರು ಸಿಟ್ಟಿನಲ್ಲಿ ಬರೆದ ಸಾಲು ಸ್ಕ್ರೀನ್‌ಶಾಟ್ ಆಗಿ ಹೊರಗೆ ಹೋದರೆ ಅದೇ ಬಳಗದ ಹೇಳಿಕೆಯಾಗುತ್ತದೆ. ಅದಕ್ಕೇ ಸ್ವಂತ ಖಾತೆಯ ಡಿಪಿಯಲ್ಲಿ ಬಳಗದ ಲೋಗೊ ಬೇಡ. ಅಭಿಪ್ರಾಯ ಬರೆಯುವ ಹಕ್ಕು ಎಲ್ಲರಿಗೂ ಇದೆ. ‘ನಾವು’ ಎಂದು ಬರೆಯುವ ಹಕ್ಕು ಆ ಇಬ್ಬರಿಗೆ ಮಾತ್ರ.

ಪ್ರಕಟಣೆಯನ್ನು ಯೂನಿಕೋಡಿನಲ್ಲೇ ಟೈಪಿಸಿ. ‘ನುಡಿ’ ತಂತ್ರಾಂಶದ ಹಳೆಯ ಫಾಂಟಿನಲ್ಲಿ ಬರೆದದ್ದನ್ನು ಹಾಗೇ ವಾಟ್ಸಾಪಿಗೆ ಅಂಟಿಸಿದರೆ ಕಾಣುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಪಠ್ಯವನ್ನು ಮೇಲ್‌ನ ಒಳಗೇ ಹಾಕಿ, ಸಹಿ ಇರುವ ಪಿಡಿಎಫ್ ಲಗತ್ತಿಸಿ. ಲೆಟರ್‌ಹೆಡ್‌ನ ಫೋಟೊ ಮಾತ್ರ ಕಳಿಸಿದರೆ ಡೆಸ್ಕಿನವರು ಅದನ್ನು ಮತ್ತೆ ಟೈಪು ಮಾಡಬೇಕು, ಹೆಸರು ತಪ್ಪುವುದು ಅಲ್ಲೇ. ಪ್ರತಿ ಹೇಳಿಕೆಗೂ ಕ್ರಮಸಂಖ್ಯೆ, ದಿನಾಂಕ, ವೇಳೆ ಇರಲಿ.

ಕ್ರಮಸಂಖ್ಯೆಯ ಉಪಯೋಗ ಗೊತ್ತಾಗುವುದು ತಪ್ಪಾದಾಗ. ಹಳೆಯದನ್ನು ಅಳಿಸಿದರೆ ಸ್ಕ್ರೀನ್‌ಶಾಟ್ ಉಳಿದೇ ಇರುತ್ತದೆ, ಜೊತೆಗೆ ಮುಚ್ಚಿಟ್ಟರು ಎಂಬ ಮಾತೂ ಸೇರುತ್ತದೆ. ‘ಹೇಳಿಕೆ 3ರಲ್ಲಿ ದಕ್ಷಿಣದ ಒಳಹರಿವು ಎಂದಿದ್ದುದು ತಪ್ಪು, ಅದು ಉತ್ತರದ ಒಳಹರಿವು’ ಎಂದು ಒಂದು ಸಾಲು ಬರೆದು, ಮೊದಲನೆಯದು ಯಾರಿಗೆಲ್ಲ ಹೋಗಿತ್ತೋ ಅಷ್ಟೂ ಜನರಿಗೆ ಅದೇ ದಿನ ಕಳಿಸಿ. ಆ ಪಟ್ಟಿ ಒಬ್ಬರ ಫೋನಿನಲ್ಲಿ ಮಾತ್ರ ಇರಬಾರದು. ಫೇಸ್‌ಬುಕ್ ಪುಟಕ್ಕೂ ಕನಿಷ್ಠ ಇಬ್ಬರು ಅಡ್ಮಿನ್‌ಗಳಿರಲಿ, ಬಳಗ ಬಿಟ್ಟವರ ಹೆಸರನ್ನು ಅದೇ ವಾರ ತೆಗೆಯಿರಿ.